ಐಟಿ ಕೆಲಸಕ್ಕೆ ಮೊದಲ ಸರ್ಟಿಫಿಕೇಟ್ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸದಿಂದ ಶುರು ಮಾಡಿದವಳು. ಈಗ ನೆಟ್‌ವರ್ಕ್ ಟೀಮಲ್ಲಿದ್ದೇನೆ, ಹೊಸಬರ ಇಂಟರ್‌ವ್ಯೂ ತೆಗೆದುಕೊಳ್ಳುತ್ತೇನೆ. ಇದು ಗೊತ್ತಿರುವುದರಿಂದ ಮದುವೆ ಮನೆಯ ಪಂಕ್ತಿಯಲ್ಲಿ, ಊರಿನ ಬಸ್ಸಲ್ಲಿ, ವಾಟ್ಸಾಪಲ್ಲಿ ಒಂದೇ ಥರದ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಕೇಳಿದವರ ಮಾತಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಫೀಸು, ಸಿಲಬಸ್ ಆಗಾಗ ಬದಲಾಗುತ್ತವೆ. ದುಡ್ಡು ಕಟ್ಟುವ ಮುಂಚೆ ಆಯಾ ಕಂಪನಿಯ ಸೈಟಲ್ಲಿ ಒಮ್ಮೆ ನೋಡಿಕೊಳ್ಳಿ.

## ಶುರು ಮಾಡುವ ಮುಂಚೆ

ಸರ್ಟಿಫಿಕೇಟ್ ಮಾಡಿದ್ರೆ ಕೆಲಸ ಸಿಗುತ್ತಾ ಅಕ್ಕ? ನಿಜ ಹೇಳಿ.

ಸರ್ಟಿಫಿಕೇಟ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಇಂಟರ್‌ವ್ಯೂಗೆ ಕರೆಯಬಹುದು, ಅಷ್ಟೇ. ನನ್ನ ಮುಂದೆ ಫ್ರೆಶರ್‌ಗಳ ರೆಸ್ಯೂಮೆ ರಾಶಿ ಬಿದ್ದಾಗ ಎಲ್ಲ ಒಂದೇ ಥರ ಕಾಣುತ್ತವೆ: ಅದೇ ಡಿಗ್ರಿ, ಅದೇ ಕಾಲೇಜ್ ಪ್ರಾಜೆಕ್ಟ್, ಅದೇ ‘ಹಾರ್ಡ್ ವರ್ಕಿಂಗ್’. ಅದರಲ್ಲಿ ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್) ಅಂತ ಬರೆದಿದ್ದರೆ ಅದನ್ನು ಪಕ್ಕಕ್ಕೆ ತೆಗೆದಿಡುತ್ತೇನೆ. ಈ ಹುಡುಗ ತಾನಾಗಿ ಕೂತು ಆರು ತಿಂಗಳು ಏನೋ ಓದಿದ್ದಾನೆ ಅಂತ ಗೊತ್ತಾಗುತ್ತದೆ. ಅಲ್ಲಿಂದಾಚೆಗೆ ಬಾಯಿ ಬಿಟ್ಟು ಉತ್ತರ ಹೇಳಬೇಕಾದವರು ನೀವೇ.

ನಾನು ಬಿ.ಕಾಂ. ಓದಿರೋದು. ನಂಗೆಲ್ಲ ಇದು ಆಗುತ್ತಾ?

ಆಗುತ್ತದೆ. ಈ ಪುಟದಲ್ಲಿ ಹೇಳುವ ಯಾವ ಪರೀಕ್ಷೆಗೂ ಇಂಥದ್ದೇ ಡಿಗ್ರಿ ಬೇಕು ಅನ್ನುವ ನಿಯಮವಿಲ್ಲ. ತೊಡಕಿರುವುದು ಕಂಪನಿಗಳ ಕಡೆ. ದೊಡ್ಡ ಕಂಪನಿಗಳ ಕ್ಯಾಂಪಸ್ ಆಯ್ಕೆಯಲ್ಲಿ ‘ಹತ್ತನೇ ಕ್ಲಾಸಿಂದ ಶೇ. 60’ ಥರದ ಜರಡಿ ಇರುತ್ತದೆ. ಅದನ್ನು ಸರ್ಟಿಫಿಕೇಟ್ ದಾಟಿಸುವುದಿಲ್ಲ. ಆದರೆ ಸರ್ವಿಸ್ ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್, ನೆಟ್‌ವರ್ಕ್ ಮಾನಿಟರಿಂಗ್ ಥರದ ಕೆಲಸಗಳಿಗೆ ಬಿ.ಕಾಂ., ಬಿ.ಎ., ಡಿಪ್ಲೊಮಾ, ಐಟಿಐನ ಕೋಪಾ (ಕಂಪ್ಯೂಟರ್ ಆಪರೇಟರ್ ಕೋರ್ಸ್) ಮಾಡಿದವರೂ ಬರುತ್ತಾರೆ. ನಮ್ಮ ಟೀಮಲ್ಲಿ ರೂಟಿಂಗ್ ಬಗ್ಗೆ ಎಲ್ಲರಿಗಿಂತ ಜಾಸ್ತಿ ಗೊತ್ತಿರುವವನು ಓದಿದ್ದು ಇತಿಹಾಸ.

ಕೋರ್ಸ್ ಮುಗಿಸಿದ್ದಕ್ಕೆ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅದೂ ಇದೂ ಒಂದೇ ಅಲ್ವಾ?

ಅಲ್ಲ. ಒಂದು ‘ಇವರು ಪಾಠ ಮುಗಿಸಿದರು’ ಅನ್ನುವ ಕಾಗದ. ಇನ್ನೊಂದು, ಕಾವಲಿನಲ್ಲಿ ಕೂತು ಪರೀಕ್ಷೆ ಬರೆದು ಪಾಸಾದದ್ದಕ್ಕೆ ಸಿಗುವಂಥದ್ದು. ಅದು ನಿಜವೋ ಸುಳ್ಳೋ ಅಂತ ಕಂಪನಿಯವರು ಆನ್‌ಲೈನಲ್ಲೇ ನೋಡಬಹುದು. 2018ರಲ್ಲಿ ಕೋರ್ಸೆರಾ ಅನ್ನುವ ಆನ್‌ಲೈನ್ ಪಾಠದ ಸೈಟಲ್ಲಿ ಶುರುವಾದ ಗೂಗಲ್‌ನ ಐಟಿ ಸಪೋರ್ಟ್ ಕೋರ್ಸ್ ಮೊದಲ ಗುಂಪಿಗೆ ಸೇರುತ್ತದೆ, ಕಿಯೋನಿಕ್ಸ್ ಸೆಂಟರಿನ ಕಂಪ್ಯೂಟರ್ ಕೋರ್ಸೂ ಹಾಗೇ. ಮೊದಲ ಗುಂಪಿನವು ಕಲಿಯುವುದಕ್ಕೆ ಒಳ್ಳೆಯವೇ. ರೆಸ್ಯೂಮೆಯಲ್ಲಿ ತೂಕ ಮಾತ್ರ ಕಡಿಮೆ. ಕೆಲವರು ಇಪ್ಪತ್ತು ಕೋರ್ಸ್ ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿ ಫೈಲಲ್ಲಿ ತರುತ್ತಾರೆ. ಅದರಲ್ಲಿ ಒಂದನ್ನು ಹಿಡಿದು ಪ್ರಶ್ನೆ ಕೇಳಿದರೆ ಸುಮ್ನೆ ಕೂತುಬಿಡುತ್ತಾರೆ.

ಸರಿ, ಎಲ್ಲಕ್ಕಿಂತ ಮೊದಲು ಯಾವುದು ಮಾಡ್ಲಿ? ಒಂದೇ ಹೆಸರು ಹೇಳಿ.

ಹೇಳುವುದಿಲ್ಲ. ಮೊದಲು ಕೆಲಸ ಯಾವುದು ಅಂತ ಗೊತ್ತಾಗಲಿ, ಸರ್ಟಿಫಿಕೇಟ್ ಆಮೇಲೆ. ಹುಡುಗಿ ನೋಡದೆ ಛತ್ರ ಬುಕ್ ಮಾಡುವವರು ಈ ವಿಷಯದಲ್ಲಿ ಜಾಸ್ತಿ.

ಒಂದು ಸಂಜೆ ಬಿಡುವು ಮಾಡಿಕೊಂಡು ಇದನ್ನು ಮಾಡಿ. ಯಾವುದಾದರೂ ಜಾಬ್ ಸೈಟ್ ತೆರೆಯಿರಿ. ನೀವು ಇರಬೇಕೆಂದಿರುವ ಊರು ಹಾಕಿ: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಯಾವುದಾದರೂ ಸರಿ. ಅನುಭವ 0ಯಿಂದ 2 ವರ್ಷ ಅಂತ ಹಾಕಿ. ‘ಡೆಸ್ಕ್‌ಟಾಪ್ ಸಪೋರ್ಟ್’ ಅಂತ ಹುಡುಕಿ ಇಪ್ಪತ್ತು ಜಾಹೀರಾತು ಪೂರ್ತಿ ಓದಿ. ಆಮೇಲೆ ‘ನಾಕ್ ಇಂಜಿನಿಯರ್’ (ನೆಟ್‌ವರ್ಕ್ ಕಾಯುವ ಕೆಲಸ), ‘ಕ್ಲೌಡ್ ಸಪೋರ್ಟ್’, ‘ಸಾಕ್ ಅನಲಿಸ್ಟ್’ (ಸೆಕ್ಯುರಿಟಿ ಕಾಯುವ ಕೆಲಸ), ‘ಮ್ಯಾನುಯಲ್ ಟೆಸ್ಟಿಂಗ್’ (ಸಾಫ್ಟ್‌ವೇರನ್ನು ಕೈಯಾರೆ ಪರೀಕ್ಷಿಸುವುದು) ಹೀಗೆ ಒಂದೊಂದಕ್ಕೂ ಇಪ್ಪತ್ತು. ಪ್ರತಿಯೊಂದರಲ್ಲೂ ಯಾವ ಸರ್ಟಿಫಿಕೇಟಿನ ಹೆಸರಿದೆ ಅಂತ ನೋಟ್‌ಬುಕ್ಕಲ್ಲಿ ಗೀಟು ಹಾಕುತ್ತಾ ಹೋಗಿ. ಜೊತೆಗೆ ದಿನಾ ಏನು ಕೆಲಸ ಮಾಡಬೇಕು ಅಂತ ಬರೆದಿರುವುದನ್ನೂ ಓದಿ. ಪ್ರಿಂಟರ್ ಸರಿ ಮಾಡುವುದಾ, ಫೋನಲ್ಲಿ ಮಾತಾಡುವುದಾ, ರಾತ್ರಿಯೆಲ್ಲ ಸ್ಕ್ರೀನ್ ನೋಡುವುದಾ? ಯಾವ ಕೆಲಸ ನಿಮ್ಮಿಂದ ಎರಡು ವರ್ಷ ಮಾಡಲು ಆಗುತ್ತದೋ ಅದನ್ನು ಆರಿಸಿ. ಆ ಪುಟದಲ್ಲಿ ಜಾಸ್ತಿ ಗೀಟು ಬಿದ್ದ ಹೆಸರೇ ನಿಮ್ಮ ಉತ್ತರ. ಗೀಟೇ ಬೀಳದಿದ್ದರೆ ಅದೂ ಉತ್ತರವೇ. ಆ ಕೆಲಸಕ್ಕೆ ಸರ್ಟಿಫಿಕೇಟ್ ಯಾರೂ ಕೇಳುತ್ತಿಲ್ಲ ಅಂತಾಯಿತು.

## ಯಾವುದು, ಯಾರಿಗೆ

ಎ ಪ್ಲಸ್ ಮಾಡು ಅಂತ ಯೂಟ್ಯೂಬಲ್ಲಿ ಎಲ್ರೂ ಹೇಳ್ತಾರೆ. ಮಾಡ್ಲಾ?

ಹೇಳುವವರು ಎಲ್ಲಿ ಕೂತು ಹೇಳುತ್ತಿದ್ದಾರೆ ನೋಡಿ. ಬಹುಪಾಲು ಅಮೆರಿಕದಲ್ಲಿ. ಎ ಪ್ಲಸ್ ಅಂದರೆ ಕಾಂಪ್‌ಟಿಯಾ ಅನ್ನುವ ಸಂಸ್ಥೆ ಕೊಡುವ ಕಂಪ್ಯೂಟರ್ ಸಪೋರ್ಟಿನ ಸರ್ಟಿಫಿಕೇಟ್. ಅದಕ್ಕೆ ಅಲ್ಲಿ ಬೆಲೆ ಇದೆ. ಆದರೆ ಅದು ಒಂದು ಪರೀಕ್ಷೆಯಲ್ಲ, ಎರಡು. ಎರಡಕ್ಕೂ ಬೇರೆ ಬೇರೆ ಫೀಸು. ಪ್ರತಿಯೊಂದರಲ್ಲಿ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. ಪಾಸಾಗಲು 900ಕ್ಕೆ ಮೊದಲನೆಯದರಲ್ಲಿ 675, ಎರಡನೆಯದರಲ್ಲಿ 700 ಬೇಕು. ಇಲ್ಲಿನ ಸಪೋರ್ಟ್ ಸಂಬಳಕ್ಕೆ ಆ ಖರ್ಚು ಹೊರೆ ಅನ್ನುವುದು ನನ್ನ ಅಭಿಪ್ರಾಯ.

ಸಿಲಬಸ್ ಮಾತ್ರ ಬಂಗಾರ. ಅದು ಕಾಂಪ್‌ಟಿಯಾ ಸೈಟಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಪ್ರಿಂಟ್ ತೆಗೆದು, ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಒಂದು ಹಳೇ ಡೆಸ್ಕ್‌ಟಾಪ್ ತನ್ನಿ. ಬಿಚ್ಚಿ, ರ್‍ಯಾಮ್ ತೆಗೆದು ಹಾಕಿ, ಹಾರ್ಡ್ ಡಿಸ್ಕ್ ಬದಲಿಸಿ, ವಿಂಡೋಸ್ ಹಾಕಿ, ಬೇಕೆಂದೇ ಕೆಡಿಸಿ, ಮತ್ತೆ ಸರಿ ಮಾಡಿ. ಗಲ್ಫ್‌ಗೋ ಅಮೆರಿಕಕ್ಕೋ ಹೋಗುವ ಯೋಚನೆ ಇದ್ದರೆ ಅಲ್ಲಿನ ಜಾಹೀರಾತು ನೋಡಿ ಆಮೇಲೆ ಪರೀಕ್ಷೆ ಕಟ್ಟಿದರಾಯಿತು.

ಸಿಸಿಎನ್‌ಎ ಹಳೇದಾಯ್ತು, ಈಗ ಎಲ್ಲ ಕ್ಲೌಡ್ ಅಂತಾರಲ್ಲ?

ಕ್ಲೌಡ್ ಅಂದರೆ ಬೇರೆಯವರ ಕಟ್ಟಡದಲ್ಲಿರುವ ಸರ್ವರ್. ಅಲ್ಲಿಗೆ ಹೋಗಲು ದಾರಿ ಬೇಕಲ್ವಾ? ಆ ದಾರಿಯೇ ನೆಟ್‌ವರ್ಕ್.

ಮುಂಚೆ ಸಿಸಿಎನ್‌ಎಯಲ್ಲಿ ರೂಟಿಂಗ್, ಸೆಕ್ಯುರಿಟಿ, ವೈರ್‌ಲೆಸ್ ಅಂತ ಹಲವು ಕವಲಿದ್ದವು. 2020ರ ಫೆಬ್ರವರಿ 24ರಿಂದ ಸಿಸ್ಕೋ ಅವನ್ನೆಲ್ಲ ಒಂದು ಮಾಡಿ 200-301 ಅನ್ನುವ ಒಂದೇ ಪರೀಕ್ಷೆ ಇಟ್ಟಿದೆ. 120 ನಿಮಿಷ, 300 ಡಾಲರ್. ಶುರುವಾತಿನ ಸರ್ಟಿಫಿಕೇಟುಗಳಲ್ಲಿ ಇದು ಕಷ್ಟದ್ದು, ಅದಕ್ಕೇ ಬೆಲೆ. ಕೆಲಸ ಮಾಡುತ್ತಾ ಓದುವವರಿಗೆ ಆರು ತಿಂಗಳು ಬೇಕಾಗುತ್ತದೆ.

ಎಷ್ಟು ಕಷ್ಟ ಅಂತ ಒಂದು ಉದಾಹರಣೆ. ನಾನು ಇಂಟರ್‌ವ್ಯೂನಲ್ಲಿ ಕೇಳುವ ಮೊದಲ ಪ್ರಶ್ನೆ: 192.168.1.70/26 ಅನ್ನುವ ಐಪಿ ವಿಳಾಸ (ನೆಟ್‌ವರ್ಕಲ್ಲಿ ಕಂಪ್ಯೂಟರಿನ ನಂಬರು) ಯಾವ ನೆಟ್‌ವರ್ಕಿಗೆ ಸೇರಿದ್ದು? /26 ಅಂದರೆ 64 ವಿಳಾಸಗಳ ತುಂಡುಗಳು. ತುಂಡುಗಳು 0, 64, 128, 192ರಿಂದ ಶುರುವಾಗುತ್ತವೆ. 70 ಬೀಳುವುದು 64ರ ತುಂಡಿನಲ್ಲಿ. ಹಾಗಾಗಿ ನೆಟ್‌ವರ್ಕ್ 192.168.1.64. ಕೊನೆಯ 127 ಬ್ರಾಡ್‌ಕಾಸ್ಟ್, ಅಂದರೆ ಆ ತುಂಡಿನ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ. ನಡುವೆ 65ರಿಂದ 126ರವರೆಗೆ 62 ವಿಳಾಸ ಬಳಸಬಹುದು. ಇದನ್ನು ಪೇಪರ್ ಇಲ್ಲದೆ ಅರ್ಧ ನಿಮಿಷದಲ್ಲಿ ಹೇಳುವಂತಾಗಬೇಕು. ಬಸ್ಸಲ್ಲಿ ಹೋಗುವಾಗ ಮುಂದಿನ ಗಾಡಿಯ ನಂಬರ್ ಪ್ಲೇಟ್ ನೋಡಿ ಲೆಕ್ಕ ಹಾಕಿ, ಹದಿನೈದು ದಿನದಲ್ಲಿ ಬರುತ್ತದೆ.

ಅಭ್ಯಾಸಕ್ಕೆ ರೂಟರ್ ಕೊಳ್ಳುವುದು ಬೇಡ. ಸ್ಕ್ರೀನಲ್ಲೇ ರೂಟರ್ ಜೋಡಿಸಿ ನೋಡುವ ಪ್ಯಾಕೆಟ್ ಟ್ರೇಸರ್ ಅನ್ನುವ ಸಾಫ್ಟ್‌ವೇರ್ ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಉಚಿತ.

ಕ್ಲೌಡ್‌ಗೆ ಎಡಬ್ಲ್ಯೂಎಸ್ಸಾ, ಅಜೂರಾ?

ಎಡಬ್ಲ್ಯೂಎಸ್ ಅಮೆಜಾನ್‌ನ ಕ್ಲೌಡ್, ಅಜೂರ್ ಮೈಕ್ರೋಸಾಫ್ಟ್‌ದು. ನಿಮ್ಮ ಗೀಟುಗಳನ್ನು ನೋಡಿ. ಎರಡೂ ಸಮ ಇದ್ದರೆ ಯಾವುದಾದರೂ ಒಂದು. ಒಂದು ಬಂದರೆ ಇನ್ನೊಂದು ಬೇಗ ಬರುತ್ತದೆ.

ಎಡಬ್ಲ್ಯೂಎಸ್‌ನ ಮೊದಲ ಮೆಟ್ಟಿಲು ಕ್ಲೌಡ್ ಪ್ರಾಕ್ಟೀಷನರ್: 65 ಪ್ರಶ್ನೆ, 90 ನಿಮಿಷ, 100 ಡಾಲರ್, ಪಾಸಾಗಲು 1000ಕ್ಕೆ 700. ಪಾಸಾದರೆ ಮುಂದಿನ ಪರೀಕ್ಷೆಗೆ ಅರ್ಧ ಫೀಸು ರಿಯಾಯಿತಿ ಸಿಗುತ್ತದೆ. ಮೈಕ್ರೋಸಾಫ್ಟ್‌ದು ಎಝಡ್-900. ಅದಕ್ಕೆ ಅವಧಿ ಮುಗಿಯುವುದೇ ಇಲ್ಲ. ಆದರೆ ಈ ಎರಡನ್ನೂ ಸೇಲ್ಸ್‌ನವರು, ಮ್ಯಾನೇಜರುಗಳು ಕೂಡ ಬರೆಯುತ್ತಾರೆ. ಇದೊಂದನ್ನೇ ಹಿಡಿದು ‘ಕ್ಲೌಡ್ ಇಂಜಿನಿಯರ್’ ಕೆಲಸಕ್ಕೆ ಹೋದರೆ ನಿರಾಸೆ ಆಗುತ್ತದೆ. ಕೆಲಸದ ಲೆಕ್ಕಕ್ಕೆ ಬರುವುದು ಅದರ ಮೇಲಿನ ಮೆಟ್ಟಿಲು. ಎಡಬ್ಲ್ಯೂಎಸ್‌ನಲ್ಲಿ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್, 150 ಡಾಲರ್. ಅಜೂರ್‌ನಲ್ಲಿ ಎಝಡ್-104.

ಒಂದು ಎಚ್ಚರಿಕೆ. ಅಭ್ಯಾಸದ ಖಾತೆ ತೆರೆದ ದಿನವೇ ಬಿಲ್ ಅಲರ್ಟ್ ಹಾಕಿ. ನಾನು ಒಮ್ಮೆ ಲ್ಯಾಬ್ ಸರ್ವರ್ ಆಫ್ ಮಾಡದೆ ಯುಗಾದಿಗೆ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಬೇವು ಇನ್ನೊಂದು ಸಲ ತಿಂದ ಹಾಗಾಯಿತು, ನಾಲ್ಕು ಸಾವಿರ ರೂಪಾಯಿದು.

ನಂಗೆ ಹ್ಯಾಕಿಂಗ್ ಇಷ್ಟ. ಡೈರೆಕ್ಟಾಗಿ ಸೈಬರ್ ಸೆಕ್ಯುರಿಟಿಗೆ ಹೋಗಬಹುದಾ?

ಹೋಗಬಹುದು, ಆದರೆ ಅಲ್ಲಿ ಮೊದಲ ಕೆಲಸ ಹ್ಯಾಕಿಂಗ್ ಆಗಿರುವುದಿಲ್ಲ. ಸಾಕ್‌ನಲ್ಲಿ ಎಲ್1 (ಮೊದಲ ಹಂತ) ಅಂದರೆ ಪಾಳಿಯಲ್ಲಿ ಕೂತು ಅಲರ್ಟ್‌ಗಳನ್ನು ಒಂದೊಂದಾಗಿ ನೋಡಿ, ಯಾವುದು ನಿಜ ಯಾವುದು ಸುಳ್ಳು ಅಂತ ವಿಂಗಡಿಸುವುದು. ಅಕ್ಕಿ ಆರಿಸಿದ ಹಾಗೆ.

ಐಎಸ್‌ಸಿ2 ಸಂಸ್ಥೆ 2022ರಲ್ಲಿ ‘ಸರ್ಟಿಫೈಡ್ ಇನ್ ಸೈಬರ್‌ಸೆಕ್ಯುರಿಟಿ’ ಅನ್ನುವ ಶುರುವಾತಿನ ಪರೀಕ್ಷೆ ತಂದಿತು. ಹತ್ತು ಲಕ್ಷ ಜನರಿಗೆ ಪಾಠ, ಪರೀಕ್ಷೆ ಎರಡೂ ಉಚಿತ ಅಂತ ಘೋಷಿಸಿತು. ಆ ಅವಕಾಶ ಈಗ ತೆರೆದಿದೆಯಾ ಅಂತ ಅವರ ಸೈಟಲ್ಲಿ ನೋಡಿ. ‘ಉಚಿತ’ ಅನ್ನುವಲ್ಲಿ ಒಂದು ಸಣ್ಣ ಮುಳ್ಳಿದೆ: ಪಾಸಾದ ಮೇಲೆ ವರ್ಷಕ್ಕೆ 50 ಡಾಲರ್ ಸದಸ್ಯತ್ವ ಶುಲ್ಕ ಕಟ್ಟಬೇಕು. ಇನ್ನೊಂದು ಹೆಸರು ಕಾಂಪ್‌ಟಿಯಾ ಸೆಕ್ಯುರಿಟಿ ಪ್ಲಸ್. ಅಮೆರಿಕದ ರಕ್ಷಣಾ ಇಲಾಖೆ ತನ್ನ ಕೆಲಸಗಳಿಗೆ ಒಪ್ಪುವ ಪಟ್ಟಿಯಲ್ಲಿ ಇದೂ ಇದೆ. ಹಾಗಾಗಿ ಅಲ್ಲಿ ಅದರ ಹೆಸರು ದೊಡ್ಡದು.

ನನ್ನ ಸಲಹೆ: ನೆಟ್‌ವರ್ಕ್ ಗೊತ್ತಿಲ್ಲದೆ ಸೆಕ್ಯುರಿಟಿಗೆ ಹೋಗಬೇಡಿ. ಬೀಗ ಗೊತ್ತಿದೆ, ಬಾಗಿಲೇ ಗೊತ್ತಿಲ್ಲ ಅನ್ನುವ ಸ್ಥಿತಿ ಬರುತ್ತದೆ.

ಲಿನಕ್ಸ್‌ಗೆ ಯಾವುದು?

ಆರ್‌ಎಚ್‌ಸಿಎಸ್‌ಎ, ರೆಡ್ ಹ್ಯಾಟ್ ಕಂಪನಿಯದು. ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆ ಇದರಲ್ಲಿಲ್ಲ. ಯಂತ್ರ ಕೊಟ್ಟು ಕೆಲಸ ಮಾಡಿ ತೋರಿಸು ಅನ್ನುತ್ತಾರೆ. ಪಾಸಾಗಲು 300ಕ್ಕೆ 210. ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ಉಳಿದಿರಬೇಕು, ಎಷ್ಟೋ ಜನ ಸೋಲುವುದು ಇಲ್ಲೇ. ಈ ಸರ್ಟಿಫಿಕೇಟ್ ಇದ್ದವರನ್ನು ನಾನು ಕಡಿಮೆ ಪ್ರಶ್ನೆ ಕೇಳಿ ಬಿಡುತ್ತೇನೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠ ಕನ್ನಡದಲ್ಲೇ ಇದೆ, ಶುರು ಮಾಡಲು ಅಷ್ಟು ಸಾಕು.

ಕೋಡಿಂಗ್ ಬೇಡ ಅಂದ್ರೆ ಟೆಸ್ಟಿಂಗ್ ಸುಲಭ ಅಂತೆ?

ಟೆಸ್ಟಿಂಗ್‌ನ ಮೊದಲ ಸರ್ಟಿಫಿಕೇಟ್ ಐಎಸ್‌ಟಿಕ್ಯೂಬಿ ಫೌಂಡೇಶನ್. ಪರೀಕ್ಷೆ ಸುಲಭವೇ: 40 ಪ್ರಶ್ನೆ, 60 ನಿಮಿಷ, 26 ಸರಿ ಇದ್ದರೆ ಪಾಸ್. ಕೆಲಸ ಸುಲಭ ಅಲ್ಲ. ಬರೀ ಮ್ಯಾನುಯಲ್ ಟೆಸ್ಟಿಂಗ್ ನಂಬಿಕೊಂಡು ಎರಡು ವರ್ಷಕ್ಕಿಂತ ಜಾಸ್ತಿ ಇರಲು ಆಗುವುದಿಲ್ಲ. ಆಮೇಲೆ ಕೋಡಿಂಗ್ ಬಂದೇ ಬರುತ್ತದೆ.

ಐಟಿಐಎಲ್ ಮಾಡ್ಲಾ?

ಅದು ಐಟಿ ಸೇವೆ ನಡೆಸುವ ಪದ್ಧತಿಗಳ ಸರ್ಟಿಫಿಕೇಟ್. ಸ್ವಂತ ದುಡ್ಡಲ್ಲಿ ಬೇಡ. ಕೆಲಸಕ್ಕೆ ಸೇರಿದ ಮೇಲೆ ಬೇಕಿದ್ದರೆ ಕಂಪನಿಯೇ ಮಾಡಿಸುತ್ತದೆ.

## ದುಡ್ಡು, ಇಂಗ್ಲಿಷು, ಪರೀಕ್ಷೆಯ ದಿನ

ಒಟ್ಟು ಎಷ್ಟು ಖರ್ಚಾಗುತ್ತೆ? ಮನೇಲಿ ಕೇಳ್ಬೇಕು.

ಸಿಸಿಎನ್‌ಎ ಲೆಕ್ಕ ಹಾಕೋಣ. 300 ಡಾಲರ್, ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ 25,500. ಅದರ ಮೇಲೆ ಶೇ. 18 ಜಿಎಸ್‌ಟಿ 4,590. ಒಟ್ಟು 30,090 ರೂಪಾಯಿ. ಫೇಲಾದರೆ ಮತ್ತೆ ಅಷ್ಟೇ ಕಟ್ಟಬೇಕು. ಅದಕ್ಕೇ ಅಭ್ಯಾಸ ಪರೀಕ್ಷೆಗಳಲ್ಲಿ ಸತತವಾಗಿ ಶೇ. 85 ಬರುವ ತನಕ ಪರೀಕ್ಷೆ ಬುಕ್ ಮಾಡಬೇಡಿ. ಓದಲು ಬೇಕಾದದ್ದೆಲ್ಲ ಉಚಿತವಾಗಿ ಸಿಗುತ್ತದೆ. ದುಡ್ಡಿರಲಿ ಅಂತ ಇಡುವುದು ಪರೀಕ್ಷೆಗೆ ಮಾತ್ರ.

ಡಿಗ್ರಿ ಮುಗಿದು ಆರು ತಿಂಗಳಾಗಿ ಕೆಲಸ ಇಲ್ಲದಿದ್ದರೆ ಯುವನಿಧಿಗೆ ಅರ್ಜಿ ಹಾಕಬಹುದಾ ನೋಡಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ. ನನ್ನ ಚಿಕ್ಕಪ್ಪನ ಮಗಳು ಅದನ್ನೇ ಕೂಡಿಟ್ಟು ಪರೀಕ್ಷೆ ಕಟ್ಟಿದಳು.

ಇನ್‌ಸ್ಟಿಟ್ಯೂಟ್‌ನವರು 80 ಸಾವಿರ ಕೇಳ್ತಿದ್ದಾರೆ. ಜಾಬ್ ಗ್ಯಾರಂಟಿ ಅಂತೆ. ಸೇರ್ಲಾ?

ನಾನೂ ಸೇರಿದ್ದೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು 32 ಸಾವಿರ ಕೊಟ್ಟರು. ಮೂವತ್ತು ಜನಕ್ಕೆ ಎರಡು ರೂಟರ್, ಅದರಲ್ಲಿ ಒಂದು ಆನ್ ಆಗುತ್ತಿರಲಿಲ್ಲ. ಮೂರು ತಿಂಗಳಲ್ಲಿ ಮೂರು ಜನ ಮೇಷ್ಟ್ರು ಬದಲಾದರು. ಕೊನೆಗೆ ‘ಪ್ಲೇಸ್‌ಮೆಂಟ್’ ಅಂದರೆ ಏನು ಅಂತ ಗೊತ್ತಾಯಿತು. ವಾಕ್-ಇನ್ ನಡೆಯುವ ಕಂಪನಿಗಳ ವಿಳಾಸ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದರು.

ಎಲ್ಲರೂ ಹಾಗಲ್ಲ. ಸೇರಲೇಬೇಕು ಅಂತಿದ್ದರೆ ಒಂದು ವಾರ ಡೆಮೊ ಕ್ಲಾಸಿಗೆ ಕೂರಿ. ಲ್ಯಾಬ್ ತೋರಿಸಿ ಅನ್ನಿ. ಫೀಸಿನಲ್ಲಿ ಪರೀಕ್ಷೆಯ ಶುಲ್ಕ ಸೇರಿದೆಯಾ ಅಂತ ಬರೆಸಿಕೊಳ್ಳಿ. ಗ್ಯಾರಂಟಿ ಅಂದರೆ ಕೆಲಸ ಸಿಗದಿದ್ದರೆ ದುಡ್ಡು ವಾಪಸ್ಸಾ ಅಂತ ಕೇಳಿ, ಮುಖ ನೋಡಿ. ಬೋರ್ಡ್ ಮೇಲೆ ಇನ್ನೂ ಎಂಸಿಎಸ್‌ಇ (ಮೈಕ್ರೋಸಾಫ್ಟ್‌ನ ಹಳೇ ಸರ್ಟಿಫಿಕೇಟ್) ಅಂತ ಇದ್ದರೆ ಒಳಗೆ ಹೋಗುವುದೇ ಬೇಡ. ಮೈಕ್ರೋಸಾಫ್ಟ್ ಅದನ್ನು 2021ರ ಜನವರಿಯಲ್ಲೇ ನಿಲ್ಲಿಸಿದೆ.

ನಂದು ಕನ್ನಡ ಮೀಡಿಯಂ. ಇಂಗ್ಲಿಷಲ್ಲಿ ಪರೀಕ್ಷೆ ಬರೆಯೋಕೆ ಭಯ.

ಪರೀಕ್ಷೆಯ ಇಂಗ್ಲಿಷ್ ಭಯಪಡುವಂಥದ್ದಲ್ಲ. ಇನ್ನೂರು, ಮುನ್ನೂರು ಪದಗಳೇ ತಿರುಗಿ ತಿರುಗಿ ಬರುತ್ತವೆ. ತೊಂದರೆ ಕೊಡುವುದು ‘ಇದರಲ್ಲಿ ಯಾವುದು ಅಲ್ಲ’, ‘ಎಲ್ಲಕ್ಕಿಂತ ಕಡಿಮೆ ಖರ್ಚಿನದು ಯಾವುದು’ ಥರದ ತಿರುವುಗಳು. ಅವನ್ನು ಎರಡು ಸಲ ಓದಿ. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಎಡಬ್ಲ್ಯೂಎಸ್ 30 ನಿಮಿಷ ಹೆಚ್ಚು ಕೊಡುತ್ತದೆ. ಆದರೆ ಪರೀಕ್ಷೆ ಬುಕ್ ಮಾಡುವ ಮುಂಚೆಯೇ ಖಾತೆಯಲ್ಲಿ ಕೇಳಿಕೊಂಡಿರಬೇಕು. ಐಎಸ್‌ಟಿಕ್ಯೂಬಿಯಲ್ಲಿ 15 ನಿಮಿಷ ಜಾಸ್ತಿ.

ಇಂಗ್ಲಿಷ್ ನಿಜಕ್ಕೂ ಬೇಕಾಗುವುದು ಇಂಟರ್‌ವ್ಯೂಗೆ. ದಿನಾ ರಾತ್ರಿ, ಆ ದಿನ ಲ್ಯಾಬಲ್ಲಿ ಮಾಡಿದ್ದನ್ನು ಐದು ನಿಮಿಷ ಇಂಗ್ಲಿಷಲ್ಲಿ ಹೇಳಿ ಫೋನಲ್ಲಿ ರೆಕಾರ್ಡ್ ಮಾಡಿ. ಮೊದಲ ವಾರ ಕೇಳಲು ಆಗುವುದಿಲ್ಲ. ಎರಡನೇ ತಿಂಗಳು ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಲ್ಲಿ ಒಂದು. ಏನು ಮಾಡ್ಲಿ?

ಇದು ನಮ್ಮ ಕಡೆಯವರ ದೊಡ್ಡ ಗೋಳು. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ‘ಮಂಜುನಾಥ ಕೆ. ಆರ್.’, ಆಧಾರ್‌ನಲ್ಲಿ ‘ಮಂಜುನಾಥ್ ರಾಮೇಗೌಡ’, ಪಾಸ್‌ಪೋರ್ಟಲ್ಲಿ ಇನ್ನೊಂದು. ಪರೀಕ್ಷೆಯ ಸೈಟಲ್ಲಿ ಮೊದಲ ಹೆಸರು, ಕೊನೆಯ ಹೆಸರು ಅಂತ ಎರಡು ಖಾನೆ ಇರುತ್ತವೆ. ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಅಲ್ಲಿ ತುಂಬಿ, ಅಕ್ಷರ ಅಕ್ಷರ ನೋಡಿ. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ದುಡ್ಡೂ ಹೋಗುತ್ತದೆ. ಯಾವ ಚೀಟಿ ಒಪ್ಪುತ್ತಾರೆ ಅಂತ ಬುಕ್ ಮಾಡುವಾಗಲೇ ಓದಿಕೊಳ್ಳಿ. ತಿದ್ದುಪಡಿ ಬೇಕಿದ್ದರೆ ಬುಕಿಂಗಿಗೆ ಮುಂಚೆ ಮಾಡಿಸಿ.

ಮನೆಯಿಂದಲೇ ಪರೀಕ್ಷೆ ಬರೀಬಹುದಂತೆ?

ಹೌದು, ಹಲವು ಪರೀಕ್ಷೆಗಳನ್ನು ಬರೆಯಬಹುದು. ಕೋಣೆಯಲ್ಲಿ ಒಬ್ಬರೇ ಇರಬೇಕು, ಮೇಜು ಖಾಲಿ ಇರಬೇಕು, ಪ್ರಶ್ನೆಯನ್ನು ಬಾಯಿಬಿಟ್ಟು ಓದಿಕೊಳ್ಳುವಂತಿಲ್ಲ. ಕರೆಂಟ್ ಹೋದರೆ, ಅಜ್ಜಿ ‘ಕಾಫಿ ಕುಡೀತೀಯಾ’ ಅಂತ ಒಳಗೆ ಬಂದರೆ ಕಷ್ಟ. ಬಸ್ ಚಾರ್ಜ್ ಹಾಕಿಕೊಂಡು ಸೆಂಟರಿಗೇ ಹೋಗಿ.

ಫ್ರೆಂಡ್ ಡಂಪ್ಸ್ ಕೊಡ್ತೀನಿ ಅಂದ. ಎಲ್ರೂ ಅದನ್ನೇ ಓದೋದಂತೆ.

ಡಂಪ್ಸ್ ಅಂದರೆ ಕದ್ದ ಪ್ರಶ್ನೆಪತ್ರಿಕೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು, ಮುಂದೆ ಪರೀಕ್ಷೆಗೂ ನಿಷೇಧ. ಸಿಕ್ಕಿಬೀಳದಿದ್ದರೂ ಡಂಪ್ಸ್ ಓದಿ ಬಂದವರು ನನ್ನ ಎದುರು ಮೂರನೇ ಪ್ರಶ್ನೆಗೆ ಸಿಗುತ್ತಾರೆ. /26 ಬಾಯಿಪಾಠ ಇರುತ್ತದೆ, /27 ಕೇಳಿದರೆ ಫ್ಯಾನ್ ನೋಡುತ್ತಾರೆ.

## ಪಾಸಾದ ಮೇಲೆ

ಪಾಸಾಗಿ ಮೂರು ತಿಂಗಳಾಯ್ತು, ಒಂದು ಕಾಲೂ ಬಂದಿಲ್ಲ.

ರೆಸ್ಯೂಮೆಯಲ್ಲಿ ಸರ್ಟಿಫಿಕೇಟಿನ ಕೆಳಗೆ, ಲ್ಯಾಬಲ್ಲಿ ಏನು ಮಾಡಿದಿರಿ ಅಂತ ಮೂರು ಸಾಲು ಬರೆಯಿರಿ. ಪರಿಚಯದವರ ಮೂಲಕ ರೆಫರಲ್ ಕೇಳಲು ನಾಚಿಕೆ ಬೇಡ. ದೊಡ್ಡ ಕಂಪನಿಗೇ ನೇರ ಸೇರಬೇಕು ಅಂತ ಕಾಯಬೇಡಿ. ಆಸ್ಪತ್ರೆ, ಕಾಲೇಜು, ಕಾರ್ಖಾನೆ ಎಲ್ಲ ಕಡೆ ಐಟಿ ಸಪೋರ್ಟ್ ಬೇಕು. ಒಂದು ವರ್ಷದ ನಿಜವಾದ ಅನುಭವ ಮುಂದಿನ ಬಾಗಿಲು ತೆರೆಸುತ್ತದೆ.

ಕರೆ ಬಂದು ಇಂಟರ್‌ವ್ಯೂನಲ್ಲಿ ಸೋಲುತ್ತಿದ್ದರೆ ಕಾರಣ ಬೇರೆ. ನಾವು ಕೇಳುವುದು ಹೀಗೆ: ‘ಒಬ್ಬರು ಫೋನ್ ಮಾಡಿ ಇಂಟರ್ನೆಟ್ ಬರ್ತಿಲ್ಲ ಅಂತಾರೆ. ಏನು ಮಾಡ್ತೀರಿ?’ ಹೆಚ್ಚಿನವರು ತಕ್ಷಣ ‘ರೀಸ್ಟಾರ್ಟ್’ ಅನ್ನುತ್ತಾರೆ. ನನಗೆ ಬೇಕಾದ ಉತ್ತರ: ಅವರೊಬ್ಬರಿಗಾ, ಪಕ್ಕದವರಿಗೂನಾ ಅಂತ ಮೊದಲು ಕೇಳುತ್ತೇನೆ. ಕೇಬಲ್, ವೈಫೈ ನೋಡಿಸುತ್ತೇನೆ. ಐಪಿ ವಿಳಾಸ ಓದಿಸುತ್ತೇನೆ. 169.254ರಿಂದ ಶುರುವಾದರೆ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಅಂತ ಅರ್ಥ. ವಿಳಾಸ ಸರಿ ಇದ್ದರೆ ಗೇಟ್‌ವೇಗೆ (ಹೊರಗೆ ಹೋಗುವ ಬಾಗಿಲಾದ ರೂಟರಿಗೆ) ಪಿಂಗ್ ಮಾಡಿ ಉತ್ತರ ಬರುತ್ತಾ ನೋಡುತ್ತೇನೆ, ಆಮೇಲೆ ಗೂಗಲ್‌ನ 8.8.8.8ಕ್ಕೆ ಪಿಂಗ್. ಅದೂ ಹೋಗಿ ಸೈಟ್ ಮಾತ್ರ ತೆರೆಯುತ್ತಿಲ್ಲ ಅಂದರೆ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಮೇಲೆ ಅನುಮಾನ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೇಳಿದವರನ್ನು ನಾನು ವಾಪಸ್ ಕಳಿಸಿಲ್ಲ.

ಒಂದೂವರೆ ಲಕ್ಷ ಕೊಟ್ರೆ ಬ್ಯಾಕ್‌ಡೋರ್ ಜಾಬ್, ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡಿಸ್ತಾರಂತೆ.

ಬೇಡ. ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್ ದಾಖಲೆ ಕೇಳುತ್ತಾರೆ. ಎರಡು ವರ್ಷ ಸಂಬಳ ತಗೊಂಡಿದ್ದರೆ ಪಿಎಫ್ ಎಲ್ಲಿ? ಸೇರಿ ಎಂಟು ತಿಂಗಳಾದ ಮೇಲೆ ಗೊತ್ತಾಗಿ ಮನೆಗೆ ಹೋದವರನ್ನು ಕಂಡಿದ್ದೇನೆ. ದುಡ್ಡು ತಗೊಂಡವನ ಫೋನ್ ಅಷ್ಟು ಹೊತ್ತಿಗೆ ಸ್ವಿಚ್ ಆಫ್.

ನಮ್ಮ ಹುಡುಗಿಗೆ ನೈಟ್ ಶಿಫ್ಟ್ ಅಂತಿದ್ದಾರಮ್ಮ. ಕಳಿಸಬಹುದಾ?

ಸಪೋರ್ಟ್, ನಾಕ್, ಸಾಕ್ ಮೂರರಲ್ಲೂ ಮೊದಲ ಎರಡು ವರ್ಷ ರಾತ್ರಿ ಪಾಳಿ ತಪ್ಪುವುದಿಲ್ಲ. ಗಂಡು ಹುಡುಗರಿಗೂ ಅಷ್ಟೇ. ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಕರೆತಂದು ಬಿಡುವ ಗಾಡಿ ವ್ಯವಸ್ಥೆ ಕಂಪನಿಯದೇ ಜವಾಬ್ದಾರಿ. ಆಫರ್ ಲೆಟರ್ ಬಂದಾಗಲೇ ಅದನ್ನು ಕೇಳಿ. ನಾನು ಮೂರು ವರ್ಷ ಮಾಡಿದೆ, ಅಮ್ಮನೇ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು.

ಮೂರು ವರ್ಷಕ್ಕೆ ಎಕ್ಸ್‌ಪೈರ್ ಆಗುತ್ತಂತೆ. ಮತ್ತೆ ಬರೀಬೇಕಾ?

ಸಿಸಿಎನ್‌ಎ, ಎಡಬ್ಲ್ಯೂಎಸ್, ಕಾಂಪ್‌ಟಿಯಾ ಮೂರಕ್ಕೂ ಅವಧಿ ಮೂರು ವರ್ಷ. ಎಝಡ್-104ಕ್ಕೆ ಒಂದೇ ವರ್ಷ. ಆದರೆ ಅದನ್ನು ಆನ್‌ಲೈನಲ್ಲಿ ಉಚಿತವಾಗಿ ನವೀಕರಿಸಬಹುದು. ಉಳಿದವುಗಳಲ್ಲಿ ಅದೇ ಸಾಲಿನ ಮೇಲಿನ ಪರೀಕ್ಷೆ ಪಾಸಾದರೆ ಸಾಮಾನ್ಯವಾಗಿ ಕೆಳಗಿನದು ತಾನಾಗಿ ಮುಂದುವರಿಯುತ್ತದೆ. ಅಷ್ಟು ಹೊತ್ತಿಗೆ ನೀವು ಕೆಲಸದಲ್ಲಿರುತ್ತೀರಿ, ಫೀಸನ್ನು ಮ್ಯಾನೇಜರ್ ಹತ್ತಿರ ಕೇಳಿ. ನಾನು ಮೊದಲ ಸಲ ಕೇಳಲಿಲ್ಲ, ಕೈಯಿಂದ ಕಟ್ಟಿದೆ. ಪಕ್ಕದ ಸೀಟಿನವನು ಕೇಳಿದ, ಅವನಿಗೆ ಕೊಟ್ಟರು.